ಕಂಪನಿ ನೋಂದಣಿ: ಪ್ರಮಾಣಪತ್ರ ಬಂದ ಮೇಲಿನ 180 ದಿನ

ಮಾನ್ಯ ಸಂಪಾದಕರೇ,

ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಲು ಹೊರಟ ಬಾಗಲಕೋಟೆ, ಜಮಖಂಡಿ, ಇಳಕಲ್ ಕಡೆಯ ಯುವಕರು ಮೊದಲು ಅಲೆಯುವುದು ಜಿಲ್ಲಾ ಕಚೇರಿಗಳಿಗೆ. ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘಗಳ ನೋಂದಣಿ ರಾಜ್ಯದ ಕೈಯಲ್ಲಿರುವುದರಿಂದ ಹೀಗಾಗುವುದು ಸಹಜ. ಆದರೆ ಕಂಪನಿ ನಡೆಯುವುದು ಕೇಂದ್ರದ 2013ರ ಕಾಯ್ದೆಯಂತೆ. ಸ್ಪೈಸ್ ಪ್ಲಸ್ ಎಂಬ ನಮೂನೆಯಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕು. ಹರಿಯಾಣದ ಮಾನೇಸರ್‌ನ ಕೇಂದ್ರ ನೋಂದಣಿ ಕಚೇರಿ ಅದನ್ನು ಪರಿಶೀಲಿಸುತ್ತದೆ. ರಾಜ್ಯದ ಪಾಲಿಗೆ ಬರುವುದು ಮುದ್ರಾಂಕ ಶುಲ್ಕ, ವೃತ್ತಿ ತೆರಿಗೆ, ಸ್ಥಳೀಯ ಸಂಸ್ಥೆಯ ಲೈಸೆನ್ಸ್‌ಗಳು.

ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಅದೇ ಇಬ್ಬರು ಎರಡೂ ಆಗಬಹುದು. ಕನಿಷ್ಠ ಬಂಡವಾಳದ ನಿಯಮ 2015ರಲ್ಲೇ ಹೋಗಿದೆ. 15 ಲಕ್ಷದವರೆಗಿನ ಅಧಿಕೃತ ಬಂಡವಾಳಕ್ಕೆ (ಕಂಪನಿ ಹಂಚಬಹುದಾದ ಷೇರುಗಳ ಗರಿಷ್ಠ ಮೊತ್ತ) ಕೇಂದ್ರದ ನೋಂದಣಿ ಶುಲ್ಕವಿಲ್ಲ ಎಂಬ, ನೋಂದಣಿ ಮಾಡಿಸಿಕೊಡುವ ಏಜೆಂಟರ ಮಾತೂ ನಿಜವೇ. ಆದರೆ ಮುದ್ರಾಂಕ ಶುಲ್ಕ, ಡಿಜಿಟಲ್ ಸಹಿಯ ಖರ್ಚು, ಹೆಸರು ಕಾಯ್ದಿರಿಸಲು ಕೊಡುವ 1,000 ರೂಪಾಯಿ ಅವರ ಜಾಹೀರಾತಿನಲ್ಲಿ ಕಾಣಿಸುವುದಿಲ್ಲ. ಒಪ್ಪಿಗೆಯಾದ ಹೆಸರು 20 ದಿನವಷ್ಟೇ ನಿಮ್ಮದು. ಉಳಿದ ಕಾಗದಪತ್ರ ಜೋಡಿಸಿಕೊಂಡ ಮೇಲೆ ಹೆಸರು ಕೇಳುವುದು ಜಾಣತನ.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಕಚೇರಿ ವಿಳಾಸದ ದಾಖಲೆಯಿಂದ. ಎರಡು ತಿಂಗಳಿಗಿಂತ ಹಳೆಯದಲ್ಲದ ಹೆಸ್ಕಾಂ ವಿದ್ಯುತ್ ಬಿಲ್ ಅಥವಾ ಅಂಥದೇ ಬಿಲ್ ಬೇಕು, ಜೊತೆಗೆ ಮಾಲೀಕರ ಒಪ್ಪಿಗೆ ಪತ್ರ. ನಮ್ಮ ಕಡೆ ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ, ಒಪ್ಪಿಗೆ ಪತ್ರಕ್ಕೆ ಮೊಮ್ಮಗ ಸಹಿ ಹಾಕಿರುತ್ತಾನೆ. ಮೊದಲು ಮೀಟರಿನ ಹೆಸರು ಬದಲಿಸಿ. ಅದು ಕೂಡಲೇ ಆಗದಿದ್ದರೆ ಮೊಮ್ಮಗನ ಮಾಲೀಕತ್ವ ತೋರಿಸುವ ದಾಖಲೆಯನ್ನೂ ಲಗತ್ತಿಸಿ. ಪ್ಯಾನ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇದ್ದು, ಆಧಾರ್‌ನಲ್ಲಿ ಬರೀ ಇನಿಷಿಯಲ್ ಇದ್ದರೂ ಕೆಲಸ ನಿಲ್ಲುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಚಾಲ್ತಿಯಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು, ಒಟಿಪಿ ಬರುವುದು ಅದಕ್ಕೇ.

ನಿಜವಾದ ಪೆಟ್ಟು ಬೀಳುವುದು ಪ್ರಮಾಣಪತ್ರ ಕೈಗೆ ಬಂದ ಮೇಲೆ. ಏಜೆಂಟರ ಕೆಲಸ ಅಲ್ಲಿಗೆ ಮುಗಿಯುತ್ತದೆ, ಕಾನೂನಿನ ಎಣಿಕೆ ಅಲ್ಲಿಂದ ಶುರುವಾಗುತ್ತದೆ. 30 ದಿನದೊಳಗೆ ನಿರ್ದೇಶಕ ಮಂಡಳಿಯ ಮೊದಲ ಸಭೆ ನಡೆಸಿ ಲೆಕ್ಕ ಪರಿಶೋಧಕರನ್ನು ನೇಮಿಸಬೇಕು. ಷೇರು ಪತ್ರಗಳಿಗೆ ಎರಡು ತಿಂಗಳ ಗಡುವು. 180 ದಿನದೊಳಗೆ ಐಎನ್‌ಸಿ-20ಎ ಎಂಬ ವ್ಯವಹಾರ ಆರಂಭದ ಘೋಷಣೆ ಸಲ್ಲಿಸಬೇಕು. ಅದಿಲ್ಲದೆ ಕಂಪನಿ ವ್ಯಾಪಾರ ಶುರು ಮಾಡುವಂತಿಲ್ಲ, ಸಾಲ ಎತ್ತುವಂತೆಯೂ ಇಲ್ಲ. ಒಪ್ಪಿಕೊಂಡ ಷೇರು ಹಣವನ್ನು ಸದಸ್ಯರು ಕಟ್ಟಿದ್ದಾರೆಂದು ಇದರ ಜೊತೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಬೇಕು. ಎಡವುವುದೇ ಇಲ್ಲಿ. ಖಾತೆ ತೆರೆಯುವಷ್ಟರಲ್ಲೇ ತಿಂಗಳುಗಳು ಉರುಳಿರುತ್ತವೆ, ಇಲ್ಲವೇ ಎಲ್ಲರ ಪಾಲನ್ನೂ ಒಬ್ಬನೇ ನಗದಾಗಿ ತುಂಬಿ, ಯಾರ ಹಣ ಯಾವುದು ಎಂಬ ಗುರುತೇ ಉಳಿದಿರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದ ವರ್ಗಾಯಿಸಿದರೆ ಈ ತಕರಾರು ಬರುವುದಿಲ್ಲ. ಗಡುವು ತಪ್ಪಿದರೆ ಕಾಯ್ದೆಯಲ್ಲಿ ಕಂಪನಿಗೆ 50,000 ರೂಪಾಯಿ, ಹೊಣೆಗಾರ ನಿರ್ದೇಶಕರಿಗೆ ದಿನಕ್ಕೆ 1,000ದಂತೆ ಒಂದು ಲಕ್ಷದವರೆಗೆ ದಂಡ. ರಿಜಿಸ್ಟ್ರಾರ್ ಕಂಪನಿಯ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಲೂಬಹುದು. ವ್ಯಾಪಾರವೇ ಇಲ್ಲದಿದ್ದರೂ ವಾರ್ಷಿಕ ಲೆಕ್ಕಪತ್ರ ತಪ್ಪುವುದಿಲ್ಲ. ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ ಏರುತ್ತಲೇ ಹೋಗುತ್ತದೆ.

ನಾಮಫಲಕದ ಜಗಳ ಈ ಭಾಗಕ್ಕೆ ಹೊಸದಲ್ಲ. ಆದರೂ ಕಂಪನಿ ಕಾಯ್ದೆಯ 12ನೇ ಕಲಮನ್ನು ಓದಿದವರು ಕಡಿಮೆ. ಕಚೇರಿಯ ಹೊರಗೆ ಕಂಪನಿಯ ಹೆಸರನ್ನು ಆ ಊರಿನ ಬಳಕೆಯ ಭಾಷೆಯ ಲಿಪಿಯಲ್ಲೂ ಬರೆಸಬೇಕೆಂದು ಅಲ್ಲೇ ಇದೆ.

ದ್ರಾಕ್ಷಿ, ನಿಂಬೆ ಬೆಳೆಗಾರರು ಕಟ್ಟುವ ರೈತ ಉತ್ಪಾದಕ ಕಂಪನಿಗೆ ಲೆಕ್ಕ ಬೇರೆ. ಕನಿಷ್ಠ 10 ಬೆಳೆಗಾರರು, ಐವರು ನಿರ್ದೇಶಕರು, ಪೂರ್ಣಾವಧಿಯ ಒಬ್ಬ ಮುಖ್ಯ ಕಾರ್ಯನಿರ್ವಾಹಕ ಇರಬೇಕು. ಮೊದಲ ವಾರ್ಷಿಕ ಸಭೆ ನೋಂದಣಿಯಾದ 90 ದಿನದೊಳಗೆ ಆಗಬೇಕು. ಉತಾರದಲ್ಲಿರುವ (ಪಹಣಿ) ಹೆಸರು ಆಧಾರ್‌ಗೆ ಹೊಂದುತ್ತದೆಯೇ ಎಂದು ಬೆಳೆಗಾರರು ಮೊದಲೇ ನೋಡಿಕೊಳ್ಳಲಿ.

ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ರೈತ ಸಂಪರ್ಕ ಕೇಂದ್ರಗಳ ಗೋಡೆಯ ಮೇಲೆ ಈ ಗಡುವುಗಳ ಪಟ್ಟಿಯನ್ನು ಕನ್ನಡದಲ್ಲಿ ಅಂಟಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇವೆ. ಐಎನ್‌ಸಿ-20ಎ ಮೊದಲ ಸಾಲಿನಲ್ಲಿರಲಿ.

– ಲೆಕ್ಕಪತ್ರ ಸಲಹೆಗಾರರು, ಬಾಗಲಕೋಟೆ