ಮಗಳಿಗೊಂದು ಪತ್ರ: ಮೇಜಿನ ಕಾಲು ಕತ್ತರಿಸುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿತ್ತು, ನಿದ್ದೆ ಹತ್ತಲಿಲ್ಲ. ಅಜ್ಜಿಯ ಊಟದ ಮೇಜು ನಿನ್ನ ಹೊಸ ಮನೆಯಲ್ಲಿ ಅಲುಗಾಡುತ್ತಿದೆ, ಅದು ಬಂದ ಮೇಲೆ ಕೋಣೆಗೆ ಕತ್ತಲೆ ಕವಿದಂತಾಗಿದೆ, ಮರಗೆಲಸದವರು ಒಂದು ಕಾಲನ್ನು ಸ್ವಲ್ಪ ಕತ್ತರಿಸಿ, ಪೂರ್ತಿ ಉಜ್ಜಿ, ಬಿಳಿ ಬಣ್ಣ ಹೊಡೆದು ಕೊಡುತ್ತೇನೆ ಅಂದಿದ್ದಾರೆ ಅಂದೆ. ಆಗ ನನ್ನ ಬಾಯಿಂದ ಬಂದದ್ದು "ಒಂದು ವಾರ ತಡಿ" ಅಂತ ಅಷ್ಟೇ. ಯಾಕೆ ತಡೆಯಬೇಕು ಅನ್ನುವುದನ್ನು ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ಕಾಲಿನ ವಿಷಯ. ಆ ಮೇಜು ನಮ್ಮ ಮನೆಯಲ್ಲಿ ಒಂದು ದಿನವೂ ಅಲುಗಾಡಿದ್ದಲ್ಲ. ಸಾಗಿಸಲು ನಾಲ್ಕು ಕಾಲನ್ನೂ ಬಿಚ್ಚಿದ್ದರು, ನಿನ್ನಲ್ಲಿ ಮತ್ತೆ ಜೋಡಿಸಿದರು. ಯಾವ ಕಾಲು ಯಾವ ಮೂಲೆಯದು ಅಂತ ಅವಸರದಲ್ಲಿ ಯಾರೂ ನೋಡಿರಲಾರರು. ಕೈಯಲ್ಲಿ ಮಾಡಿದ ಮೇಜಿನ ಕಾಲುಗಳು ನೋಡಲು ಒಂದೇ ಥರ ಇರುತ್ತವೆ, ಆದರೆ ಒಂದೊಂದನ್ನೂ ಅದರದೇ ಮೂಲೆಗೆ ಕೆತ್ತಿ ಕೂರಿಸಿರುತ್ತಾರೆ. ಟಾರ್ಚ್ ಹಿಡಿದು ಮೇಜಿನಡಿ ಅಂಗಾತ ಮಲಗಿ ನೋಡು. ಚೌಕಟ್ಟಿನ ಒಳಮೂಲೆಗಳಲ್ಲಿ ಉಳಿಯಿಂದ ಹೊಡೆದ ಸಣ್ಣ ಗೀಟುಗಳಿವೆ: ಒಂದು ಮೂಲೆಗೆ ಒಂದು, ಇನ್ನೊಂದಕ್ಕೆ ಎರಡು, ಹಾಗೇ ನಾಲ್ಕರವರೆಗೆ. ಕಾಲುಗಳ ಮೇಲ್ತುದಿಯಲ್ಲೂ ಅದೇ ಗೀಟುಗಳಿವೆ. ನಾನು ಅವನ್ನು ಕಂಡದ್ದು ಮದುವೆಯಾದ ಹೊಸತರಲ್ಲಿ, ಮನೆಗೆ ಬಣ್ಣ ಹೊಡೆಸಲು ಸಾಮಾನು ಬಿಚ್ಚಿದಾಗ. ನಿನ್ನಜ್ಜಿ ಪಕ್ಕದಲ್ಲೇ ನಿಂತು "ಎಣಿಸಿ ಜೋಡಿಸು" ಅಂದಿದ್ದರು. ಎಣಿಸಿ ಜೋಡಿಸಿದ ಮೇಲೂ ಅಲುಗಾಡಿದರೆ ಮೇಜನ್ನು ಸಮತಟ್ಟಾದ ಬೇರೆ ಜಾಗದಲ್ಲಿ ಇಟ್ಟು ನೋಡು. ಅಲ್ಲಿ ಅಲುಗಾಡದಿದ್ದರೆ ದೋಷ ನೆಲದ್ದು. ಆಗ ಕಾಲಿನಡಿಗೆ ತೆಳುವಾದ ಕಾರ್ಕ್ ತುಂಡು ಸಾಕು. ಕತ್ತರಿಸಿದ ಕಾಲನ್ನು ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ ಮಗಳೇ.

ಈಗ ಉಜ್ಜುವ ವಿಷಯ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ನನ್ನ ಅಮ್ಮನ ಪಾತ್ರೆ ಬೀರುವಿನ ಮೇಲೆ ಯಾವಾಗಲೂ ಬಟ್ಟೆ ಯಾಕೆ ಹಾಸಿರುತ್ತೀ ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಆ ಬೀರುವಿಗೆ ಹೊಸ ಹೊಳಪು ಕೊಡಿಸಬೇಕು ಅಂತ ನನಗೆ ಆಸೆಯಾಗಿತ್ತು. ಉಜ್ಜುವ ಯಂತ್ರ ತರಿಸಿ, ನಾನೇ ನಿಂತು ಮಾಡಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಕಡುಕಂದು ಬಣ್ಣದ ನಡುವೆ ಅಂಗೈಯಗಲದ ಜಾಗ ಒಮ್ಮೆಲೇ ಬೆಳ್ಳಗಾಯಿತು. ಗಟ್ಟಿ ಬೀಟೆ ಮರ ಅಂದುಕೊಂಡಿದ್ದೆ. ಅದು ಬೇರೆ ಮರದ ಹಲಗೆಗೆ ಅಂಟಿಸಿದ ಬೀಟೆಯ ಪದರ, ಒಂದು ಮಿಲಿಮೀಟರ್ ದಪ್ಪವೂ ಇರಲಿಲ್ಲ. ಆ ಬಿಳಿ ಜಾಗವನ್ನು ಬೆರಳಲ್ಲಿ ಸವರಿದ್ದು ಈಗಲೂ ನೆನಪಿದೆ. ಮರ ಯಂತ್ರದ ಶಾಖಕ್ಕೆ ಬೆಚ್ಚಗಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ, ಒಳಗಿಂದ ಬಟ್ಟೆ ತಂದು ಹಾಸಿದರು. ಅದೇ ಬಟ್ಟೆ.

ಹಾಗಾಗಿ ನಿನಗೆ ನಾನು ಹೇಳುವುದು ಇಷ್ಟೇ: ಹಿಂದಕ್ಕೆ ತಿರುಗಿಸಲು ಬರುವಂಥದ್ದನ್ನು ಧಾರಾಳವಾಗಿ ಬದಲಿಸು, ಬಾರದ್ದಕ್ಕೆ ಕೈ ಹಾಕಬೇಡ. ಗೋಡೆಯ ಬಣ್ಣ, ದೀಪ, ಪರದೆ, ಕುರ್ಚಿಯ ಹಾಸು, ಯಾವುದು ಎಲ್ಲಿ ಇರಬೇಕು ಅನ್ನುವುದು, ಎಲ್ಲ ನಿನ್ನಿಷ್ಟ. ಮರದ ಮೈಯನ್ನು ಮಾತ್ರ ಬಿಡು. ಬಿಳಿ ಬಣ್ಣ ಒಮ್ಮೆ ಮರದ ಎಳೆಯೊಳಗೆ ಇಳಿದರೆ ಅದನ್ನು ತೆಗೆಯಲು ಮತ್ತೆ ಉಜ್ಜಲೇಬೇಕು; ಉಜ್ಜಿದಷ್ಟೂ ಹಳೆಯ ಮೈ ಹೋಗುತ್ತದೆ.

ಅಜ್ಜಿಯ ಮೇಜು ಪದರದ್ದಲ್ಲ, ಗಟ್ಟಿ ಬೀಟೆ ಮರದ್ದು. ಬೇಕಾದರೆ ಅಂಚನ್ನು ನೋಡು, ಮೇಲೆ ಕಾಣುವ ಎಳೆ ಅಂಚಿನಲ್ಲಿ ಕೆಳಗಿಳಿದು ಮುಂದುವರಿಯುತ್ತದೆ. ಅದರ ಹೊಳಪು ಅರಗಿನದು ಅಂತ ನನ್ನ ಅಂದಾಜು. ಮೇಜಿನಡಿ, ಯಾರಿಗೂ ಕಾಣದ ಕಡೆ ಹೊಳಪು ಹಚ್ಚಿದ ಜಾಗವಿದ್ದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದು ಚುಕ್ಕಿಯಷ್ಟು ಒರೆಸು. ಅಂಟಂಟಾದರೆ ಅರಗೇ. ಅರಗಿನ ಹೊಳಪಿಗೆ ಬಿಸಿ ತಾಗಬಾರದು, ನೀರು ನಿಲ್ಲಬಾರದು, ಬಿಳಿ ಬಳೆಯಂಥ ಕಲೆ ಏಳುತ್ತದೆ. ಆದರೆ ಅದರಲ್ಲೊಂದು ದೊಡ್ಡ ಗುಣವಿದೆ. ಹೊಸದಾಗಿ ಅರಗು ಹಚ್ಚಿದರೆ ಅದು ಹಳೆಯ ಪದರವನ್ನು ಕರಗಿಸಿಕೊಂಡು ಒಂದಾಗುತ್ತದೆ. ಉಜ್ಜಿ ತೆಗೆಯುವ ಅಗತ್ಯವೇ ಬೀಳುವುದಿಲ್ಲ, ಕೆಟ್ಟ ಜಾಗವನ್ನಷ್ಟೇ ಸರಿಮಾಡಬಹುದು. ಇದನ್ನು ಬಲ್ಲ, ಕೈಯಿಂದ ಪಾಲಿಶ್ ಮಾಡುವವರನ್ನು ಹುಡುಕು. ಅಲ್ಲಿಯವರೆಗೆ ಒಣಬಟ್ಟೆಯಲ್ಲಿ ಧೂಳು ಒರೆಸಿ, ವರ್ಷಕ್ಕೆ ಒಂದೆರಡು ಸಲ ಜೇನುಮೇಣದ ಪಾಲಿಶ್ ತೀರಾ ತೆಳ್ಳಗೆ ಹಚ್ಚಿದರೆ ಸಾಕು. ಚಿಮುಕಿಸುವ ಡಬ್ಬಿಯ ಪಾಲಿಶ್ ಬೇಡ. ಅದರಲ್ಲಿ ಸಿಲಿಕೋನ್ ಇದ್ದರೆ ಅದು ಮರದೊಳಗೆ ಇಳಿದು, ಮುಂದೆ ಹಚ್ಚುವ ಯಾವ ಪಾಲಿಶನ್ನೂ ಸರಿಯಾಗಿ ಹಿಡಿಯಗೊಡುವುದಿಲ್ಲ.

ಮೇಲ್ಹಲಗೆಯ ಬಿರುಕು ತೋರಿಸಿ, ಒಳಗೆ ಮೊಳೆ ತಿರುಪಿ ಬಿಗಿಮಾಡಿಸಲೇ ಅಂತಲೂ ಕೇಳಿದ್ದೆ. ಬೇಡ. ಮರ ಎಷ್ಟು ಹಳೆಯದಾದರೂ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಅದು ಲೆಕ್ಕಕ್ಕೇ ಬಾರದಷ್ಟು, ಅಡ್ಡಕ್ಕೆ ಮಾತ್ರ ಚೆನ್ನಾಗಿ. ದುಂಡಾಗಿ ಮಾಡಿದ ಹಳೆಯ ಮೇಜುಗಳನ್ನು ಅಳೆದರೆ ಎಷ್ಟೋ ಸಲ ಒಂದು ದಿಕ್ಕಿಗೆ ಕಡಿಮೆ ಬರುವುದು ಇದಕ್ಕೇ. ನಮ್ಮ ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಹಿಡಿದಿರುವುದು ಸೀಳುಗಳಲ್ಲಿ ಜಾರುವ ಮರದ ಸಣ್ಣ ತುಂಡುಗಳು. ಹಲಗೆಗೆ ಆಡಲು ಜಾಗವಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಬಿಗಿದು ಕಟ್ಟಿದರೆ ಅದು ಇನ್ನಷ್ಟು ಸೀಳುತ್ತದೆ. ಕೋಣೆಯ ತೇವಾಂಶ ಶೇಕಡಾ 40ರಿಂದ 60ರೊಳಗೆ, ಹೆಚ್ಚು ಏರುಪೇರಿಲ್ಲದೆ ಇದ್ದರೆ ಮರಕ್ಕೆ ಹಿತ. ಎಸಿಯ ಗಾಳಿ ನೇರ ಬೀಸುವಲ್ಲಿ, ಕಿಟಕಿಯ ಬಿಸಿಲು ಬೀಳುವಲ್ಲಿ ಇಡಬೇಡ. ಬಿಸಿಲಿಗೆ ಬೀಟೆ ಮಾಸಿಹೋಗುತ್ತದೆ.

ಇನ್ನು ಕತ್ತಲೆ. ನೀನು ಕಳಿಸಿದ ಫೋಟೋಗಳನ್ನು ಮತ್ತೆ ಮತ್ತೆ ನೋಡಿದೆ. ನನ್ನ ಕಣ್ಣಿಗೆ ಕೋಣೆಯನ್ನು ಕತ್ತಲಾಗಿಸಿರುವುದು ಮೇಜಲ್ಲ, ದೀಪ. ಚಾವಣಿಗೆ ಅಂಟಿದ ಒಂದೇ ಒಂದು ದೀಪ, ಅದೂ ನೀಲಿ ಛಾಯೆಯ ಬಿಳಿ ಬೆಳಕಿನದು. ಅಂಥ ಬೆಳಕಿನಲ್ಲಿ ಕಂದು ಮರ ಬೂದಿ ಬಳಿದಂತೆ ಕಾಣುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಬೆಳಕಿನ ಛಾಯೆ ತಿಳಿಸುವ ಒಂದು ಅಂಕಿ ಇರುತ್ತದೆ, ಅದು ಕಡಿಮೆಯಾದಷ್ಟೂ ಬೆಳಕು ಹಳದಿ. 6500 ಇರುವುದನ್ನು ತೆಗೆದು 2700ರದ್ದು ಹಾಕು. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅಂತ ಹೇಳುವ ಸಿಆರ್‌ಐ ಅನ್ನುವ ಇನ್ನೊಂದು ಅಂಕಿ 90ಕ್ಕಿಂತ ಹೆಚ್ಚಿರಲಿ, ಮರದೊಳಗಿನ ಕೆಂಪು ಆಗ ಕಣ್ಣಿಗೆ ಬೀಳುತ್ತದೆ. ಮೇಜಿನ ನಟ್ಟನಡುವೆ, ಹಲಗೆಯಿಂದ 30ರಿಂದ 36 ಇಂಚು ಮೇಲೆ ಬರುವಂತೆ ಒಂದು ತೂಗುದೀಪ ಇಳಿಬಿಡಿಸು. ಎದುರು ಕೂತವರ ಮುಖಕ್ಕೆ ಅದು ಅಡ್ಡ ಬರಬಾರದು, ಬಲ್ಬು ನೇರ ಕಣ್ಣಿಗೆ ಚುಚ್ಚಬಾರದು. ಗೋಡೆಯ ಬದಿಗೆ ಇನ್ನೊಂದು ಸಣ್ಣ ದೀಪವಿರಲಿ. ಗೋಡೆಗೆ ಬಣ್ಣ ಹೊಡೆಸುವುದಕ್ಕೂ ಮೊದಲು ಈ ಕೆಲಸ ಮಾಡು, ಅರ್ಧ ದೂರು ಅಲ್ಲಿಗೇ ತೀರುತ್ತದೆ.

ಗೋಡೆಗೆ ಅಚ್ಚ ಬಿಳಿ ಬೇಡ ಅಂತ ನನ್ನ ಮನಸ್ಸು. ಕಡುಬಣ್ಣದ ಮರದ ಹಿಂದೆ ಅಚ್ಚ ಬಿಳಿ ಬಂದರೆ ಮರದ ಅಂಚು ಕತ್ತರಿಸಿಟ್ಟಂತೆ ಕಾಣುತ್ತದೆ, ಕುರ್ಚಿ ಬೀರುಗಳೆಲ್ಲ ಬರೀ ನೆರಳುಗಳಾಗಿಬಿಡುತ್ತವೆ. ಮಾಸಲು ಹಸಿರು, ಹಾಲುಬಿಳಿಗೆ ಒಂದಿಷ್ಟು ಮಣ್ಣುಬಣ್ಣ ಬೆರೆತಂಥದ್ದು ಹೊಂದುತ್ತದೆ. ಬೇರೆ ಬಣ್ಣ ಹಿಡಿಸಿದರೂ ಸರಿ, ಆದರೆ ಎರಡಡಿ ಹಲಗೆಗೆ ಬಳಿದು, ಮೇಜಿನ ಹಿಂದೆ ಆನಿಸಿಟ್ಟು, ಬೆಳಿಗ್ಗೆಯೂ ನೋಡು, ರಾತ್ರಿ ಹೊಸ ದೀಪದಲ್ಲೂ ನೋಡು.

ಕುರ್ಚಿಗಳ ವಿಷಯಕ್ಕೆ ನೀನು ಅಳುಕಬೇಕಾಗಿಲ್ಲ. ಎಂಟನ್ನೂ ಇಟ್ಟುಕೊಳ್ಳಲೇಬೇಕು ಅಂತ ಅಜ್ಜಿ ಎಲ್ಲೂ ಬರೆದಿಟ್ಟಿಲ್ಲ. ಮೇಜು ಆರಡಿ ಉದ್ದ, ಒಬ್ಬರಿಗೆ ಎರಡಡಿ ಜಾಗ ಬೇಕು, ಒಂದು ಬದಿಗೆ ಮೂವರು. ಕುರ್ಚಿಯ ಹಿಂದೆ ಗೋಡೆಯವರೆಗೆ ಮೂರಡಿ ಉಳಿಯದಿದ್ದರೆ ಎದ್ದು ಓಡಾಡಲಾಗುವುದಿಲ್ಲ, ನಿನ್ನ ಕೋಣೆಯಲ್ಲಿ ಉಸಿರು ಕಟ್ಟಿಸುತ್ತಿರುವುದು ಇದೇ ಇರಬಹುದು. ಹಳೆಯವುಗಳಲ್ಲಿ ಕೈಯಿರುವ ಎರಡನ್ನು ಎರಡು ತುದಿಗೆ ಇಡು. ಉದ್ದದ ಬದಿಗಳಿಗೆ ಹಗುರವಾದ, ಹಿಂಬದಿ ತೆರೆದಂತಿರುವ ಹೊಸ ಕುರ್ಚಿ ತಗೋ. ಉಗಿಯಲ್ಲಿ ಬಾಗಿಸಿದ ಮರದ ಕುರ್ಚಿಗಳಿವೆಯಲ್ಲ, ಅವು ಬೀಟೆಯ ಪಕ್ಕ ಬಹಳ ಚೆನ್ನಾಗಿ ಕೂರುತ್ತವೆ. ಅವುಗಳಲ್ಲಿ ತುಂಬ ಹೆಸರಾದ ಮಾದರಿಯನ್ನು ಮಿಖಾಯೆಲ್ ಥೋನೆಟ್ ಅನ್ನುವ ಕುರ್ಚಿ ತಯಾರಕರು ಮಾಡಿದ್ದು 1859ರಲ್ಲಿ, ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು. ಇಂದಿಗೂ ಅದು ಹೊಸದರಂತೆಯೇ ಕಾಣುತ್ತದೆ. ರೂಪ ಬೇರೆಯಾದರೆ ಚಿಂತೆಯಿಲ್ಲ, ಕೂರುವ ಎತ್ತರ ಮಾತ್ರ ಎಲ್ಲಕ್ಕೂ ಒಂದೇ ಇರಲಿ. ಕೂರುವ ಮಟ್ಟದಿಂದ ಮೇಜಿನ ಹಲಗೆಗೆ 10ರಿಂದ 12 ಇಂಚು ಬೇಕು. ಕೊಳ್ಳುವ ಮೊದಲು ಹಲಗೆಯ ಕೆಳಗಿನ ಅಡ್ಡಪಟ್ಟಿಯಿಂದ ನೆಲಕ್ಕೆ ಎಷ್ಟಿದೆ ಅಂತಲೂ ಅಳೆದುಕೋ. ನಮ್ಮ ಮೇಜಿನ ಆ ಪಟ್ಟಿ ಅಗಲವಾದದ್ದು, ಕೈಯಿರುವ ಹೊಸ ಕುರ್ಚಿ ಅದಕ್ಕೆ ತಗುಲಿ ಒಳಗೇ ಹೋಗುವುದಿಲ್ಲ.

ಹಳೆಯ ಕುರ್ಚಿಗಳ ಜೋತುಬಿದ್ದ ಬೆತ್ತ ಹರಿದಿಲ್ಲದಿದ್ದರೆ, ಕುರ್ಚಿಯನ್ನು ಬೋರಲು ಹಾಕಿ, ಬೆತ್ತದ ಅಡಿಭಾಗವನ್ನು ಬಿಸಿನೀರಿನ ಬಟ್ಟೆಯಿಂದ ಒದ್ದೆ ಮಾಡಿ, ನೆರಳಲ್ಲಿ ಒಣಗಲು ಬಿಡು. ಒಣಗುತ್ತಾ ಬಿಗಿಯಾಗುತ್ತದೆ. ನೀರು ಸುತ್ತಲಿನ ಮರಕ್ಕೆ ತಾಗದಂತೆ ನೋಡಿಕೋ. ಒಂದು ಕುರ್ಚಿಯ ಕಾಲಲ್ಲಿ ಸೂಜಿ ಚುಚ್ಚಿದಂಥ ತೂತುಗಳಿವೆ, ಅದರಡಿ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡು. ಹಿಟ್ಟಿನಂಥ ಪುಡಿ ಬಿದ್ದರೆ ಕುಟ್ಟೆಹುಳು ಇನ್ನೂ ಒಳಗಿರಬಹುದು, ಆ ಕುರ್ಚಿಯನ್ನು ಕೂಡಲೇ ಉಳಿದವುಗಳಿಂದ ದೂರ ಇಡು. ಸಡಿಲವಾದ ಕೀಲುಗಳಿಗೆ ಬಿಳಿ ಅಂಟು ಹಾಕಿಸಬೇಡ. ಪ್ರಾಣಿಗಳ ಚರ್ಮದಿಂದ ಮಾಡಿದ ಹಳೆಯ ಕಾಲದ ಅಂಟು ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಮುಂದೆ ಯಾರಾದರೂ ಬಿಚ್ಚಿ ರಿಪೇರಿ ಮಾಡಬಹುದು. ಬಿಳಿ ಅಂಟು ಹಾಗೆ ಸುಲಭವಾಗಿ ಬಿಡುವುದಿಲ್ಲ.

ಗಾಜಿನ ಬೀರುವನ್ನು ಆ ಕೋಣೆಯಿಂದ ತೆಗೆದುಬಿಡು. ಹೌದು, ನಾನೇ ಹೇಳುತ್ತಿದ್ದೇನೆ. ಅಜ್ಜಿಯ ಮನೆಯಲ್ಲಿ ಚಾವಣಿ ಎತ್ತರದಲ್ಲಿತ್ತು, ಅಲ್ಲಿ ಅದು ಚೆನ್ನಾಗಿತ್ತು. ನಿನ್ನ ಚಾವಣಿಗೆ ಅದು ತಲೆ ತಾಗಿಸಿಕೊಂಡು ನಿಂತಿದೆ, ಅರ್ಧ ಕಿಟಕಿಯನ್ನೂ ನುಂಗಿದೆ. ಓದುವ ಕೋಣೆಯಲ್ಲಿ ಪುಸ್ತಕ ತುಂಬಿಡು, ಅಲ್ಲೂ ಹಿಡಿಸದಿದ್ದರೆ ನಿನ್ನ ಅತ್ತೆಗೆ ಅದರ ಮೇಲೆ ಮೊದಲಿಂದ ಮನಸ್ಸಿದೆ, ಕೇಳಿ ನೋಡೋಣ. ಅಜ್ಜಿಯನ್ನು ನೆನೆಯಲು ಅವರ ಸಾಮಾನೆಲ್ಲ ಒಂದೇ ಕೋಣೆಯಲ್ಲಿ ತುಂಬಿರಬೇಕಾಗಿಲ್ಲ ಪುಟ್ಟಿ. ನಿಮ್ಮ ಮನೆಯವರು ದಿನಾ ಕೂರುವ ಜಾಗ ಅದು, ನಿಮಗೆ ಸುಖವಾಗಿರಬೇಕು.

ಮೇಜಿನ ಮೇಲೆ ಗಾಜು ಹಾಸಬೇಡ. ಅಡಿಯಲ್ಲಿ ತೇವ ಸಿಕ್ಕಿಕೊಂಡು ಪಾಲಿಶ್ ಗಾಜಿಗೇ ಅಂಟಿಕೊಳ್ಳುತ್ತದೆ. ಊಟದ ಹೊತ್ತಿಗೆ ದಪ್ಪ ಬಟ್ಟೆ ಹಾಸು, ಉಳಿದ ಹೊತ್ತು ಮರ ಕಾಣಲಿ.

ಕಿಟಕಿಯ ಕಡೆಯ ಅಂಚಿನ ಹತ್ತಿರ ಕೈವಾರದ ಮೊನೆಯ ತೂತಿದೆ, ಅದರ ಸುತ್ತ ಅರ್ಧಕ್ಕೇ ನಿಂತ ಒಂದು ವೃತ್ತ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ಕಾಗದ ಜರುಗಿ ಆದದ್ದು. ನಾನು ಗದರಲು ಬಂದಾಗ ಅಜ್ಜಿ ಅದರ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು, ನಿನಗೆ ನೆನಪಿದೆಯೋ ಇಲ್ಲವೋ. ಪಾಲಿಶ್ ಮಾಡುವವರು ಅದನ್ನು ತುಂಬಲೇ ಅಂತ ಕೇಳುತ್ತಾರೆ, ಬೇಡ ಅನ್ನು.

ಕಾಲು ಬಿಗಿಯುವ ಹಿತ್ತಾಳೆಯ ತಿರುಪುಗಳಲ್ಲಿ ಎರಡು ನನ್ನ ಹೊಲಿಗೆ ಡಬ್ಬಿಯಲ್ಲೇ ಉಳಿದಿದ್ದವು, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸು, ಎಳೆ ಕಚ್ಚಿದ್ದು ಗೊತ್ತಾದ ಮೇಲೆ ಬಿಗಿಮಾಡು. ಮೂರು ಗೀಟಿನ ಕಾಲು ಯಾವ ಮೂಲೆಯಲ್ಲಿತ್ತು ಅಂತ ನನಗೆ ಬರೆ.

ನಿನ್ನ
ಅಮ್ಮ