ಕೀ ಫೈಲ್ ಉಳಿಸಿಕೊಟ್ಟ ತಮಗೆ

ಹೆಲ್ಪ್‌ಡೆಸ್ಕ್ ಟಿಕೆಟ್‌ಗಳನ್ನು ನಿರ್ವಹಿಸುವ ತಂತ್ರಾಂಶ ಜಿಎಲ್‌ಪಿಐಯ ಆವೃತ್ತಿ 9.5ರಿಂದ 10ಕ್ಕೆ ಹೋಗುವ ದಾರಿಯನ್ನು ಬಿಡಿಸಿ ಹೇಳಿ, ಹೆಸರನ್ನೂ ಹೇಳದೆ ಹೋದ ತಮಗೆ ನಮ್ಮ ಹೆಲ್ಪ್‌ಡೆಸ್ಕ್ ತಂಡದ ಹೃತ್ಪೂರ್ವಕ ಧನ್ಯವಾದ.

ಹಳೇ ಫೋಲ್ಡರ್ ಮೇಲೆಯೇ ಹೊಸ ಫೈಲ್ ಸುರಿಯಬೇಡಿ ಎಂದಿರಿ. ಬೇಡವಾದ ಹಳೇ ಪಿಎಚ್‌ಪಿ (ಈ ತಂತ್ರಾಂಶವನ್ನು ಬರೆದ ಪ್ರೋಗ್ರಾಮಿಂಗ್ ಭಾಷೆ) ಫೈಲ್‌ಗಳು ಉಳಿದರೆ ಕಾಟ ತಪ್ಪಿದ್ದಲ್ಲ. ಡೇಟಾಬೇಸ್ ಬ್ಯಾಕಪ್ ಆದ ಮೇಲೆ ಖಾಲಿ ಫೋಲ್ಡರ್‌ನಲ್ಲಿ ಹೊಸ ಆವೃತ್ತಿ ಬಿಚ್ಚಿ, ಹಳೆಯದರಿಂದ 'ಕಾನ್ಫಿಗ್', 'ಫೈಲ್ಸ್' ಫೋಲ್ಡರ್‌ಗಳನ್ನು ತರಬೇಕು. ಪ್ಲಗಿನ್‌ಗಳು (ಸೇರಿಸಿಕೊಂಡ ಹೆಚ್ಚುವರಿ ಘಟಕಗಳು) ಮಾತ್ರ 10ಕ್ಕೆ ಹೊಂದುವಂಥವೇ ಆಗಬೇಕು. ಪಿಎಚ್‌ಪಿ ಕನಿಷ್ಠ 7.4.

ಎಲ್ಲಕ್ಕಿಂತ ದೊಡ್ಡ ಉಪಕಾರ, 'ಕಾನ್ಫಿಗ್' ಒಳಗಿನ 'ಜಿಎಲ್‌ಪಿಐಕ್ರಿಪ್ಟ್.ಕೀ' ಕಡೆ, ಅಂದರೆ ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿಡುವ ಕೀ ಫೈಲ್ ಕಡೆ, ಬೆರಳು ತೋರಿಸಿದ್ದು. ಬರೀ 32 ಬೈಟ್‌ನ ಫೈಲ್. ತೆರೆದರೆ ಓದಲಾಗದ ಅಕ್ಷರಗಳಷ್ಟೇ. ಅದು ಕಳೆದರೆ ಟಿಕೆಟ್‌ಗಳೇನೋ ಉಳಿಯುತ್ತವೆ, ಆದರೆ ಉಳಿಸಿಟ್ಟ ಮೇಲ್ ಮತ್ತು ಎಲ್‌ಡ್ಯಾಪ್ (ಬಳಕೆದಾರರ ಡೈರೆಕ್ಟರಿ) ಪಾಸ್‌ವರ್ಡ್‌ಗಳನ್ನು ಬಿಡಿಸಲು ಬರುವುದಿಲ್ಲ. ಡೇಟಾಬೇಸ್ ಬ್ಯಾಕಪ್‌ನಲ್ಲಿ ಈ ಕೀ ಇರುವುದೂ ಇಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಡೇಟಾಬೇಸನ್ನು ಹೊಸ ಆವೃತ್ತಿಗೆ ತರುವ 'ಡಿಬಿ:ಅಪ್‌ಡೇಟ್' ಆದೇಶ ಮುಗಿದ ಮೇಲೆ, ಕೋಷ್ಟಕಗಳನ್ನು 4 ಬೈಟ್‌ನ ಅಕ್ಷರಗಳಿಗೂ ಸಜ್ಜುಗೊಳಿಸುವ 'ಮೈಗ್ರೇಶನ್:ಯುಟಿಎಫ್8ಎಂಬಿ4' ಆದೇಶ ಮರೆಯಬೇಡಿ ಎಂದದ್ದೂ ಸರಿಯೇ. ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್ ಸಾಕು, ಹಳೇ ಕೋಷ್ಟಕದಲ್ಲೂ ಅದು ನೆಟ್ಟಗಿರುತ್ತದೆ. ಇಮೋಜಿಗೆ 4 ಬೇಕು. ಕನ್ನಡ ಸರಿಯಾಗಿ ಕಾಣುತ್ತಿದೆ ಎಂದು ಈ ಹೆಜ್ಜೆ ಬಿಟ್ಟುಬಿಡುವುದು ಸುಲಭ. ತಾವು ಬಿಡಗೊಡಲಿಲ್ಲ.