ನೀನು ಬರೆದಿಟ್ಟ ಆ ಪಟ್ಟಿ

ಲೋ ಗೆಳೆಯ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ನಿಮಿಷಕ್ಕೇ ಯಾವುದಾದರೂ ತಮಾಷೆಗೆ ಜಾರುತ್ತೀಯ. ಆಮೇಲೆ ಇಬ್ಬರೂ ನಕ್ಕು ಇಟ್ಟುಬಿಡುತ್ತೇವೆ. ಎಲ್ಲರೂ ಓದುವ ಜಾಗದಲ್ಲಿ ಬರೆಯುವುದಕ್ಕೂ ಕಾರಣ ಇದೆ. ನಾನು ಐಸಿಯುನಲ್ಲಿದ್ದಾಗ ದಿನಾ ಸಂಜೆ ನನ್ನ ಸುದ್ದಿಯನ್ನು ಗ್ರೂಪಿಗೆ ಹಾಕುತ್ತಿದ್ದವನು ನೀನು. ‘ಇವತ್ತು ಎಡಗೈ ಹೆಬ್ಬೆರಳು ಅಲ್ಲಾಡಿತು’ ಅಂತ ನೀನು ಹಾಕಿದ್ದಕ್ಕೆ ಬಂದಷ್ಟು ಚಪ್ಪಾಳೆ ನನ್ನ ಇಡೀ ನೌಕರಿಯಲ್ಲಿ ಬಂದಿಲ್ಲ. ಮೂತ್ರದ ಚೀಲದ ವರದಿಯವರೆಗೂ ಓದಿದ ಜನ ಅವರು. ಇದನ್ನೂ ಓದಲಿ ಬಿಡು.

ಮೊದಲು ಸಮಾಚಾರ. ವಾಕರ್ ಹಿಡಿದು ನಡೆಯುತ್ತಿದ್ದೇನೆ, ಗೋಡೆ ಪಕ್ಕದಲ್ಲಿದ್ದರೆ ಅದೂ ಇಲ್ಲದೆ. ಪಾದದ ಮುಂಭಾಗವನ್ನು ಇನ್ನೂ ಎತ್ತಲು ಬರುವುದಿಲ್ಲ, ಅದಕ್ಕೆ ಬೂಟಿನೊಳಗೆ ಒಂದು ಪ್ಲಾಸ್ಟಿಕ್ ಆಧಾರ ಇಟ್ಟುಕೊಳ್ಳುತ್ತೇನೆ. ಅಂಗಿ ಗುಂಡಿ ಹಾಕಿಕೊಳ್ಳುತ್ತೇನೆ. ಕೊರಳ ಹತ್ತಿರದ್ದನ್ನು ಬಿಟ್ಟು, ಅದನ್ನು ಮೊದಲೂ ಹಾಕುತ್ತಿರಲಿಲ್ಲ. ಮಧ್ಯಾಹ್ನ ಆಗುತ್ತಿದ್ದ ಹಾಗೆ ಸುಸ್ತು. ನಿದ್ದೆ ಮಾಡಿದರೂ ಹೋಗದ ಸುಸ್ತು ಅದು, ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ ಅಂದರು ಡಾಕ್ಟರು. ನನಗೆ ಬಂದದ್ದು ನರಗಳ ರೋಗ. ನರದ ಮೇಲಿನ ಪದರ ಅಷ್ಟೇ ಅಲ್ಲ, ಒಳಗಿನ ಎಳೆಗೂ ಸ್ವಲ್ಪ ಪೆಟ್ಟು ಬಿದ್ದಿದೆಯಂತೆ. ಆ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ನೀನು ಪ್ರಬಂಧ ಬರೆಯುತ್ತಿದ್ದ ವೇಗ.

ಹೊಸದಾಗಿ ಓದುತ್ತಿರುವವರಿಗೆ ರೋಗದ ಹೆಸರು ಹೇಳಬೇಕಲ್ವಾ. ಗಿಲಾನ್ ಬಾರೆ ಸಿಂಡ್ರೋಮ್. ಆಸ್ಪತ್ರೆಯಲ್ಲಿ ಎಲ್ಲರೂ ಜಿಬಿಎಸ್ ಅನ್ನುತ್ತಾರೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಲಾಟರಿ ಟಿಕೆಟ್ ತಗೊಳ್ಳುವ ಅಭ್ಯಾಸ ನನಗಿರಲಿಲ್ಲ, ಆದರೂ ಹೊಡೆಯಿತು. ಹೆಚ್ಚಿನವರಿಗೆ ಮೊದಲು ಹೊಟ್ಟೆ ಕೆಟ್ಟಿರುತ್ತದೆ, ಇಲ್ಲವೇ ಶೀತ ಜ್ವರ ಬಂದಿರುತ್ತದೆ. ಅದು ವಾಸಿಯಾಗುತ್ತದೆ, ಮರೆತೂ ಹೋಗುತ್ತದೆ. ಆದರೆ ರೋಗಾಣುವಿನ ಮೇಲೆ ಬೀಳಬೇಕಾದ ಮೈಯ ಕಾವಲು ವ್ಯವಸ್ಥೆ ಗುರುತು ತಪ್ಪಿ ಸ್ವಂತ ನರಗಳ ಮೇಲೆ ಬೀಳುತ್ತದೆ. ಕರೆಂಟ್ ತಂತಿಯ ಮೇಲಿನ ರಬ್ಬರ್ ಕಿತ್ತುಹೋದ ಹಾಗೆ ನರದ ಮೇಲಿನ ಪದರ ಹೋಗುತ್ತದೆ. ನನಗೆ ಎರಡೂ ಪಾದಗಳಲ್ಲಿ ಜೋಮು ಶುರುವಾಯಿತು. ಆಮೇಲೆ ಮೆಟ್ಟಿಲು ಹತ್ತಲು ಆಗಲಿಲ್ಲ. ಆಮೇಲೆ ಕುರ್ಚಿಯಿಂದ ಏಳಲು. ನಿಮ್ಮಲ್ಲಿ ಯಾರಿಗಾದರೂ ಹೀಗೆ ಎರಡೂ ಕಾಲುಗಳ ಬಲ ಹೋಗುತ್ತಾ ಅದು ಮೇಲೆ ಹತ್ತುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರಾಟದ ಸ್ನಾಯುಗಳಿಗೂ ಹತ್ತಬಹುದು. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಮೊದಲ ಎರಡು ವಾರದೊಳಗೆ ಔಷಧಿ ಬಿದ್ದರೆ ಒಳ್ಳೆಯದು. ಉಪದೇಶ ಮುಗಿಯಿತು.

ಆ ಎಣಿಕೆ ನೆನಪಿದೆಯಾ? ಒಂದೇ ಉಸಿರಿಗೆ ಒಂದು, ಎರಡು, ಮೂರು ಅಂತ ಎಷ್ಟರವರೆಗೆ ಆಗುತ್ತೋ ಅಷ್ಟು ಎಣಿಸಿ ಅನ್ನುತ್ತಿದ್ದರು ನರ್ಸ್. ಉಸಿರಿನ ಶಕ್ತಿ ಎಷ್ಟು ಉಳಿದಿದೆ ಅಂತ ಹಾಸಿಗೆ ಪಕ್ಕದಲ್ಲೇ ನೋಡುವ ಸುಲಭ ದಾರಿ ಅದು. ನಾನು ಹದಿನೇಳಕ್ಕೆ ನಿಂತೆ. ಹದಿನೇಳಕ್ಕೇ ನಿಂತನಲ್ಲಾ ಅಂತ ನೀನು ನಗು ತಡೆಯಲಾರದೆ ಹೊರಗೆ ಓಡಿದೆ. ಆ ನರ್ಸ್ ನಿನ್ನನ್ನು ಇನ್ನೂ ಕ್ಷಮಿಸಿಲ್ಲ ಅನ್ನಿಸುತ್ತೆ. ಅಳಲು ಹೋದೆ ಅಂದುಕೊಂಡಿದ್ದಾರೆ ಅಂತ ನೀನು ವಾದಿಸಬಹುದು. ಎರಡೂ ಇತ್ತು ಅಂತ ನನಗೂ ಗೊತ್ತು ಕಣೋ.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ.

ನನಗೆ ಐದು ದಿನ ಹನಿಹನಿಯಾಗಿ ಹಾಕಿದ ಔಷಧಿ ಇದೆಯಲ್ಲ, ಇಮ್ಯುನೊಗ್ಲಾಬ್ಯುಲಿನ್, ಅದು ಮನುಷ್ಯರ ರಕ್ತದ ಪ್ಲಾಸ್ಮಾದಿಂದ, ಅಂದರೆ ರಕ್ತದ ನೀರಿನಂಥ ಭಾಗದಿಂದ, ಮಾಡುವುದು. ಒಬ್ಬಿಬ್ಬರ ರಕ್ತದಿಂದ ಅಲ್ಲ. ಒಂದು ಬ್ಯಾಚಿಗೆ ಕಡಿಮೆ ಅಂದರೂ 1,000 ಜನರ ಪ್ಲಾಸ್ಮಾ ಒಟ್ಟು ಸೇರಿಸುತ್ತಾರೆ, ಎಷ್ಟೋ ಸಲ ಹಲವು ಸಾವಿರ ಜನರದ್ದು. ಬೇರೆಬೇರೆಯವರ ಮೈಯಲ್ಲಿ ರೋಗಾಣುಗಳ ಜೊತೆ ಹೋರಾಡಲು ತಯಾರಾದ ಪ್ರತಿಕಾಯಗಳೆಲ್ಲ ಸೇರಿ ಬಂದು ನನ್ನ ತಲೆಕೆಟ್ಟ ಕಾವಲು ವ್ಯವಸ್ಥೆಯನ್ನು ಸುಮ್ಮನಾಗಿಸಬೇಕು. ಇದನ್ನು ಕೇಳಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಸಾವಿರಾರು ಜನ, ಒಬ್ಬರ ಮುಖವೂ ಗೊತ್ತಿಲ್ಲ. ಅವರಿಗೆ ನಾನು ಗೊತ್ತಿಲ್ಲ. ಕೆಲವು ದೇಶಗಳಲ್ಲಿ ಪ್ಲಾಸ್ಮಾ ಕೊಟ್ಟವರಿಗೆ ದುಡ್ಡು ಕೊಡುತ್ತಾರೆ. ನನ್ನ ಬಾಟಲಿಯಲ್ಲೂ ಅಂಥವರು ಇದ್ದಿದ್ದರೆ ಇನ್ನೂ ಒಳ್ಳೆಯದು, ಲೆಕ್ಕ ಅಲ್ಲಿಗೇ ಚುಕ್ತಾ.

ನಿಮ್ಮದು ಹಾಗಲ್ಲ. ನಿಮಗೆಲ್ಲ ಮುಖ ಇದೆ.

ನೀನು ಒಂದು ಪಟ್ಟಿ ಮಾಡಿದ್ದೆ. ಯಾರು ಎಷ್ಟು ದುಡ್ಡು ಹಾಕಿದರು, ಯಾರು ಯಾವ ರಾತ್ರಿ ಐಸಿಯು ಹೊರಗಿನ ಬೆಂಚಿನಲ್ಲಿ ಮಲಗಿದರು, ಯಾರು ಮಕ್ಕಳನ್ನು ಶಾಲೆಗೆ ಬಿಟ್ಟರು, ಯಾರು ವಿಮೆಯವರ ಹತ್ತಿರ ಕಾಗದ ಹಿಡಿದು ಅಲೆದರು. ವಾರ್ಡಿಗೆ ಬಂದ ಮೇಲೆ ಎರಡೆರಡು ಗಂಟೆಗೆ ನನ್ನನ್ನು ಮಗ್ಗುಲು ತಿರುಗಿಸಬೇಕಿತ್ತು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಆಗ ನರ್ಸ್ ಜೊತೆ ಕೈಹಾಕಿದವರ ಹೆಸರೂ ಅದರಲ್ಲಿದೆ. ನನ್ನನ್ನು ಮುಟ್ಟಿದರೆ ಉರಿ, ಹೊದಿಕೆ ತಾಗಿದರೂ ಉರಿ. ಆದ್ದರಿಂದ ತಿರುಗಿಸಿದವರಿಗೆಲ್ಲ ನಾನು ಬೈದೆ. ಅದು ಪಟ್ಟಿಯಲ್ಲಿ ಇಲ್ಲ. ಧನ್ಯವಾದ.

ಮೇಲಿನ ಮನೆಯವರು ನಿನಗೆ ಗೊತ್ತಲ್ಲ, ಪಾರ್ಕಿಂಗ್ ಜಗಳದವರು. ನಾವಿಬ್ಬರೂ ಮುಖ ನೋಡದೆ ಮೆಟ್ಟಿಲು ಹತ್ತಿ ಇಳಿದು ವರ್ಷಗಳಾಗಿದ್ದವು. ಪಟ್ಟಿಯಲ್ಲಿ ಅತಿ ಹೆಚ್ಚು ರಾತ್ರಿಗಳು ಅವರವು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ನನ್ನ ಹಿಮ್ಮಡಿ ಹಿಡಿದು ಕಾಲನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ ಮಾಡುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಆಗ ನನ್ನ ಮುಖದ ಎರಡೂ ಕಡೆ ಬಲ ಹೋಗಿತ್ತು. ನಗಲು ಆಗದು, ಹುಬ್ಬು ಎತ್ತಲು ಆಗದು, ಕಣ್ಣು ಪೂರ್ತಿ ಮುಚ್ಚಲೂ ಆಗದು. ಎಲ್ಲರೂ ಅಯ್ಯೋ ಪಾಪ ಅಂದರು. ನನಗೆ ಆರಾಮವಾಗಿತ್ತು ಮಾರಾಯ. ಮುಖವೇ ಅಲ್ಲಾಡದವನಿಂದ ಯಾರು ಕೃತಜ್ಞತೆ ಕೇಳುತ್ತಾರೆ? ಈಗ ಮುಖ ವಾಪಸ್ ಬಂದಿದೆ. ಅವರು ಮತ್ತೆ ನನ್ನ ಜಾಗದಲ್ಲೇ ಗಾಡಿ ನಿಲ್ಲಿಸುತ್ತಿದ್ದಾರೆ. ನಾನು ನಗುತ್ತೇನೆ. ಕಷ್ಟಪಟ್ಟು ವಾಪಸ್ ಪಡೆದ ಸ್ನಾಯುಗಳೆಲ್ಲ ಅದಕ್ಕೇ ಖರ್ಚಾಗುತ್ತಿವೆ.

ಆ ಪಟ್ಟಿಯನ್ನು ನಾನು ನಿನ್ನಿಂದ ಕೇಳಿ ಇಸಿದುಕೊಂಡೆನಲ್ಲ. ಎಲ್ಲರಿಗೂ ಒಂದೊಂದು ಸಾಲು ಬರೆಯಬೇಕು ಅಂದಿದ್ದೆ. ನೀನು ಕಣ್ಣು ಒರೆಸಿಕೊಂಡು ಕಳಿಸಿದೆ. ನಾನು ಅದನ್ನು ರಾತ್ರಿ ಹೊತ್ತು ತೆಗೆದು ಓದುತ್ತೇನೆ, ಅದು ನಿಜ. ಆದರೆ ಓದುವುದು ಇರುವ ಹೆಸರುಗಳನ್ನಲ್ಲ ಕಣೋ. ಇಲ್ಲದ ಹೆಸರುಗಳನ್ನು. ಯಾರು ಬರಲಿಲ್ಲ, ಯಾರು ಒಮ್ಮೆ ಮಾತ್ರ ಬಂದರು, ಯಾರು ಬಂದು ಫೋಟೋ ತೆಗೆದುಕೊಂಡು ಹೋದರು. ನನ್ನ ನರಗಳಿಗೆ ಮರೆವು ಬಂದಿತ್ತು, ಈ ಭಾಗಕ್ಕೆ ಏನೂ ಆಗಿರಲಿಲ್ಲ. ಬಾರದವರ ಹೆಸರು ನನಗೆ ಬಾಯಿಪಾಠ. ನೂರಾರು ಜನ ಎತ್ತಿ ಕೂರಿಸಿದವನು ಕೂತ ಮೇಲೆ ಮಾಡುವ ಕೆಲಸ ಇದು.

ಈ ರೋಗದ ಹೆಸರಿನದ್ದೂ ಇಂಥದ್ದೇ ಒಂದು ಕಥೆ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಮೂವರು ಡಾಕ್ಟರುಗಳು ಇಬ್ಬರು ಸೈನಿಕರ ಬಗ್ಗೆ ಬರೆದರು. ಕೈಕಾಲು ಬಿದ್ದುಹೋಗಿತ್ತು, ಬೆನ್ನುಹುರಿಯ ನೀರಿನಲ್ಲಿ ಪ್ರೋಟೀನ್ ಹೆಚ್ಚಾಗಿತ್ತು, ಜೀವಕೋಶಗಳು ಮಾತ್ರ ಹೆಚ್ಚಿರಲಿಲ್ಲ, ಇಬ್ಬರೂ ಚೇತರಿಸಿಕೊಂಡರು. ಇವತ್ತಿಗೂ ನಮ್ಮ ಬೆನ್ನಿಗೆ ಸೂಜಿ ಹಾಕಿ ನೋಡುವುದು ಅದನ್ನೇ. ಮೂವರು ಗಿಲಾನ್, ಬಾರೆ, ಸ್ಟ್ರೋಲ್. ವಿದ್ಯುತ್ ಹಾಯಿಸಿ ಸ್ನಾಯುಗಳ ಪರೀಕ್ಷೆ ಮಾಡಿದವರು ಸ್ಟ್ರೋಲ್. ಹೋಗ್ತಾ ಹೋಗ್ತಾ ಅವರ ಹೆಸರು ಬಿಟ್ಟುಹೋಯಿತು. ನನಗೆ ಮೂವರಲ್ಲಿ ಅವರೇ ಇಷ್ಟ. ಅವರಿಗೊಂದು ಪತ್ರ ಬರೆದರೆ ಉತ್ತರ ಬರುವ ಭಯ ಇಲ್ಲ.

ಇಷ್ಟು ಹೇಳಿ ನಿಲ್ಲಿಸಬೇಕು ಅಂತಲೇ ಕೂತಿದ್ದೆ. ಕೈ ನಿಲ್ಲುತ್ತಿಲ್ಲ. ಬಹಳ ದಿನ ಪೆನ್ನು ಹಿಡಿಯಲಾಗದ ಕೈ, ಅದಕ್ಕೂ ಆಸೆ ಇರುತ್ತೆ.

ಈಗ ಜನ ಬರುವುದು ಕಡಿಮೆಯಾಗಿದೆ. ಆಗಲೇಬೇಕು. ಎಲ್ಲರಿಗೂ ಮನೆ ಇದೆ, ಕೆಲಸ ಇದೆ, ಅವರವರ ಮನೆಯ ರೋಗಿಗಳಿದ್ದಾರೆ. ಗ್ರೂಪಿನಲ್ಲಿ ಈಗ ಬೇರೆ ಯಾರದೋ ಆಪರೇಷನ್ ಸುದ್ದಿ. ನಾನು ಚೇತರಿಸಿಕೊಳ್ಳುತ್ತಿದ್ದೇನೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ನನಗೂ ಅರ್ಥವಾಗುತ್ತದೆ. ಆದರೆ ಯಾರಾದರೂ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಸ್ವಲ್ಪ ಜಾಸ್ತಿ ಕುಂಟುತ್ತೇನೆ. ಬೇಕಂತ ಅಲ್ಲ. ಬೇಡ ಅಂತಲೂ ಅಲ್ಲ. ಫಿಸಿಯೋಥೆರಪಿಸ್ಟ್ ಹುಡುಗಿ ಮೊನ್ನೆ, ‘ಸರ್, ಕಾರಿಡಾರಿನಲ್ಲಿ ಯಾರೂ ಇಲ್ಲದಾಗ ನೀವು ಚೆನ್ನಾಗಿ ನಡೀತೀರ’ ಅಂದಳು. ಸುಮ್ನೆ ಅಂದದ್ದು. ನನಗೆ ಬೆವರು ಬಂತು.

ಕರುಣೆ ಬೇಕು ಅಂತ ಅಲ್ಲ ಅದು, ಯೋಚಿಸಿ ನೋಡಿದೆ. ರೋಗಿಯಾಗಿರುವವರೆಗೆ ನಾನು ಯಾರಿಗೂ ಏನೂ ಕೊಡಬೇಕಾಗಿಲ್ಲ. ಪೂರ್ತಿ ವಾಸಿಯಾದ ದಿನ ಸಾಲದ ಗಡುವು ಶುರು. ಆ ರಾತ್ರಿಗಳನ್ನು ಯಾರಿಗೆ, ಹೇಗೆ ತಿರುಗಿಸಿ ಕೊಡಲಿ? ನೀನು ‘ಯಾರೂ ವಾಪಸ್ ಕೇಳಿಲ್ಲವಲ್ಲೋ’ ಅನ್ನುತ್ತೀಯ. ಕೇಳಿಲ್ಲ, ಅದೇ ಕಷ್ಟ. ಕೇಳಿದ್ದರೆ ಚೌಕಾಸಿ ಮಾಡಬಹುದಿತ್ತು.

ಇನ್ನೂ ಒಂದು ಇದೆ, ಬರೆದು ಅಳಿಸಿ ಮತ್ತೆ ಬರೆಯುತ್ತಿದ್ದೇನೆ. ನಿನಗೇ ಹೀಗಾಗಿದ್ದರೆ ನಾನು ಬರುತ್ತಿದ್ದೆನಾ? ಬರುತ್ತಿದ್ದೆ ಅಂತ ಬಾಯಿಗೆ ಬರುತ್ತದೆ. ಮೊದಲ ವಾರ ಖಂಡಿತ. ಎರಡನೇ ವಾರ ಫೋನ್. ಆಮೇಲೆ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರ. ನನ್ನನ್ನು ನಾನು ಬಲ್ಲೆ. ಮೇಲಿನ ಮನೆಯವರಿಗೆ ಹೀಗಾಗಿದ್ದರೆ? ಪಾರ್ಕಿಂಗ್ ಜಾಗ ಖಾಲಿ ಇದೆ ಅನ್ನುವುದನ್ನು ನಾನು ಮೊದಲು ಗಮನಿಸುತ್ತಿದ್ದೆ. ಬಾರದವರ ಹೆಸರನ್ನು ರಾತ್ರಿ ಎಣಿಸುವಾಗ ಸಿಟ್ಟು ಬರುವುದು ಅವರ ಮೇಲೋ, ಅಥವಾ ಅವರ ಜಾಗದಲ್ಲಿ ನಾನೇ ಕಾಣುವುದಕ್ಕೋ, ಗೊತ್ತಾಗುತ್ತಿಲ್ಲ.

ಅಬ್ಬಾ, ಸಾಕು. ಇಷ್ಟು ಗಂಭೀರವಾಗಿ ಬರೆದರೆ ಜನ ಮತ್ತೆ ನನ್ನನ್ನು ನೋಡಲು ಬಂದುಬಿಡುತ್ತಾರೆ. ಬರುವವರು ದಯವಿಟ್ಟು ಮಧ್ಯಾಹ್ನ ಬರಬೇಡಿ, ಹೇಳಿದೆನಲ್ಲ, ಸುಸ್ತು. ಬಂದರೆ ‘ನೀವು ಮೊದಲಿಗಿಂತ ಚೆನ್ನಾಗಿ ಕಾಣ್ತೀರಿ’ ಅನ್ನಬೇಡಿ. ಮೊದಲು ಹೇಗೆ ಕಾಣುತ್ತಿದ್ದೆ ಅಂತ ಯೋಚನೆಯಾಗುತ್ತದೆ.

ಲೋ, ನೀನು ಇದನ್ನು ಓದಿ ಸಮಾಧಾನ ಮಾಡಲು ಫೋನ್ ಮಾಡಬೇಡ. ಬೈಯುವುದಿದ್ದರೆ ಮಾಡು. ಮುಂದಿನ ವಾರ ಬುದ್ಧಿಹಲ್ಲು ಕೀಳಿಸಿಕೊಳ್ಳುತ್ತೀಯಂತೆ, ಅತ್ತಿಗೆ ಹೇಳಿದರು. ಈ ವಯಸ್ಸಿಗೆ ಬುದ್ಧಿಹಲ್ಲು ಬಂತಾ ಅಂತ ಕೇಳುವುದಿಲ್ಲ. ಜೊತೆಗೆ ನಾನು ಬರುತ್ತೇನೆ. ಬೇಡ ಅಂದರೂ ಬರುತ್ತೇನೆ. ವಾಕರ್ ಹಿಡಿದು ಹೊರಗೆ ಬೆಂಚಿನ ಮೇಲೆ ಕೂರುತ್ತೇನೆ, ನಿನ್ನ ಚಪ್ಪಲಿ ಕಾಯುತ್ತೇನೆ, ಸಂಜೆ ಗ್ರೂಪಿಗೆ ವರದಿ ಹಾಕುತ್ತೇನೆ: ‘ಇವತ್ತು ಎಡಗಡೆ ಕೆನ್ನೆ ಊದಿದೆ, ಮಾತು ನಿಂತಿದೆ, ಎಲ್ಲರಿಗೂ ನೆಮ್ಮದಿ.’ ಇಬ್ಬರಲ್ಲಿ ರೋಗಿ ಯಾರು ಅಂತ ಅಲ್ಲಿಯವರು ಕೇಳಿದರೆ ಉತ್ತರ ನೀನು ಕೊಡಬೇಕು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅರ್ಧ ದಿನ ಬರೆದುಕೋ, ಆಟೋ ಖರ್ಚು ಬೇರೆ.

ನಿನ್ನ,
ಹದಿನೇಳು